ಹಾಸರ್ ಅಂದರೆ ಎಂಥ ಹಗ್ಗ, ಅದು ಕಡಿದರೆ ಯಾಕೆ ಅಷ್ಟು ಅಪಾಯ?

ಪ್ರಶ್ನೆ: ಹಡಗಿನ ಅಪಘಾತದ ಬಗ್ಗೆ ಓದುತ್ತಿದ್ದೆ. ಹಾಸರ್ ಕಡಿದು ಡೆಕ್ ಮೇಲಿದ್ದ ನಾವಿಕನಿಗೆ ಬಡಿಯಿತು ಎಂದಿತ್ತು. ನಿಘಂಟು ನೋಡಿದರೆ ‘ಹಡಗಿನ ದಪ್ಪ ಹಗ್ಗ’ ಅಂತ ಮಾತ್ರ ಇದೆ. ರೋಪ್, ಲೈನ್, ಕೇಬಲ್, ಹಾಸರ್ ಎಲ್ಲಾ ಒಂದೇನಾ? ಹಗ್ಗ ಕಡಿದರೆ ಮನುಷ್ಯನಿಗೆ ಅಂಥ ಪೆಟ್ಟು ಬೀಳುವುದು ಹೇಗೆ? ಸುಮ್ನೆ ಇನ್ನೂ ದಪ್ಪದ ಹಗ್ಗ ಹಾಕಿದರೆ ಆಗಲ್ವಾ?

ಉತ್ತರ: ನಿಘಂಟು ತಪ್ಪು ಹೇಳಿಲ್ಲ, ಅರ್ಧಕ್ಕೆ ನಿಲ್ಲಿಸಿದೆ ಅಷ್ಟೇ. ಹಡಗನ್ನು ಧಕ್ಕೆಗೆ ಕಟ್ಟಲು, ಇನ್ನೊಂದು ಹಡಗನ್ನು ಎಳೆಯಲು, ಅಥವಾ ಹಡಗನ್ನೇ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸಲು ಬಳಸುವ ಭಾರೀ ಹಗ್ಗವೇ ಹಾಸರ್. ಕೈಯಿಂದ ಎಳೆದು ಬಿಗಿ ಮಾಡಲು ಆಗುವ ಹಗ್ಗ ಅಲ್ಲ ಇದು. ಹಗ್ಗ ಸುತ್ತಿ ಎಳೆಯುವ ಯಂತ್ರ, ಅಂದರೆ ವಿಂಚ್ ಬೇಕು, ಹಿಂದಿನ ಕಾಲದಲ್ಲಾದರೆ ಹತ್ತಾರು ಜನ ಸೇರಿ ತಿರುಗಿಸುವ ಕ್ಯಾಪ್‌ಸ್ಟನ್ ಅನ್ನುವ ನಿಂತ ಉರುಳೆ ಬೇಕಿತ್ತು. ನಾರಿನದೇ ಆಗಬೇಕೆಂದೇನೂ ಇಲ್ಲ, ಉಕ್ಕಿನ ತಂತಿಯ ಹಾಸರ್ ಕೂಡ ಇದೆ. ದಪ್ಪದ ವಿಷಯ ಆಮೇಲೆ ಬರುತ್ತದೆ. ಹಾಸರ್ ಬಗ್ಗೆ ನಿಜವಾಗಿ ತಿಳಿಯಬೇಕಾದ್ದು ಅದು ಎಷ್ಟು ಹಿಗ್ಗುತ್ತದೆ ಅನ್ನುವುದು. ನಿಮ್ಮ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಅಲ್ಲೇ ಇದೆ.

ಮೊದಲು ಹೆಸರುಗಳನ್ನು ಬಿಡಿಸೋಣ. ರೋಪ್ ಅಂದರೆ ಸರಕು. ಅಂಗಡಿಯಿಂದ ಸುರುಳಿಯಾಗಿ ಬರುವುದು. ಅದಕ್ಕೆ ಹಡಗಿನಲ್ಲಿ ಒಂದು ಕೆಲಸ ಕೊಟ್ಟರೆ ಲೈನ್ ಆಗುತ್ತದೆ. ಆ ಲೈನ್ ಭಾರೀ ಗಾತ್ರದ್ದಾಗಿ, ಹಡಗಿನ ಪೂರ್ತಿ ಎಳೆತ ಹೊರುವಂಥದ್ದಾದರೆ ಹಾಸರ್. ಕೇಬಲ್ ಅಂದರೆ ಹಾಯಿಹಡಗುಗಳ ಕಾಲದಲ್ಲಿ ಲಂಗರಿಗೆ ಕಟ್ಟುತ್ತಿದ್ದ ಹಗ್ಗ. ಅದು ಹಾಸರಿಗಿಂತಲೂ ದೊಡ್ಡದು. ಈಗ ಆ ಜಾಗಕ್ಕೆ ಕಬ್ಬಿಣದ ಸರಪಳಿ ಬಂದಿದೆ, ಆದರೂ ನಾವಿಕರು ಲಂಗರಿನ ಸರಪಳಿಯನ್ನು ಕೇಬಲ್ ಅಂತಲೇ ಕರೆಯುತ್ತಾರೆ. ಕೇಬಲ್ ಅನ್ನುವುದು ದೂರದ ಅಳತೆಯೂ ಹೌದು. ಒಂದು ನಾಟಿಕಲ್ ಮೈಲಿಯ ಹತ್ತನೇ ಒಂದು ಭಾಗ, ಅಂದರೆ ಸುಮಾರು 185 ಮೀಟರ್. ಹಾಗಾಗಿ ಕಥೆ ಪುಸ್ತಕದಲ್ಲಿ ‘ಶತ್ರು ಹಡಗು ಎರಡು ಕೇಬಲ್ ದೂರದಲ್ಲಿತ್ತು’ ಅಂತ ಬಂದರೆ ಅಲ್ಲಿ ಹಗ್ಗ ಹುಡುಕಬೇಡಿ.

ಲಂಗರಿನ ಸರಪಳಿ ಹಡಗಿನ ಮೂತಿಯಿಂದ ಹೊರಬರುವ ತೂತಿಗೆ ಹಾಸ್‌ಹೋಲ್ ಅನ್ನುತ್ತಾರೆ. ಇದರಿಂದಲೇ ಹಾಸರ್ ಪದ ಬಂತು ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಹಾಸರ್‌ನ ಮೂಲ ಹಳೇ ಫ್ರೆಂಚಿನ ‘ಮೇಲಕ್ಕೆತ್ತು’ ಅನ್ನುವ ಕ್ರಿಯಾಪದ, ಆ ತೂತಿನ ಹೆಸರು ಹಳೇ ನಾರ್ಸ್‌ನ ‘ಕುತ್ತಿಗೆ’ಯಿಂದ ಬಂದದ್ದು. ಪದದ ಚರಿತ್ರೆ ಇಷ್ಟು ಸಾಕು.

ಗಾತ್ರದ ವಿಷಯದಲ್ಲಿ ಓದುಗರು ಎಡವುವ ಜಾಗ ಒಂದಿದೆ. ಹಿಂದೆ ಹಗ್ಗವನ್ನು ಅಳೆಯುತ್ತಿದ್ದದ್ದು ಸುತ್ತಳತೆಯಲ್ಲಿ. ಸುತ್ತಳತೆ ಸುಮಾರು 5 ಇಂಚು ದಾಟಿದರೆ ಹಾಸರ್ ಅನ್ನುವುದು ರೂಢಿ. 5 ಇಂಚು ಸುತ್ತಳತೆ ಅಂದರೆ ವ್ಯಾಸ 40 ಮಿಲಿಮೀಟರ್ ಮಾತ್ರ. ಹಳೇ ಪುಸ್ತಕದಲ್ಲಿ ‘12 ಇಂಚಿನ ಹಾಸರ್’ ಅಂತ ಕಂಡರೆ ಒಂದಡಿ ದಪ್ಪದ ರಾಕ್ಷಸ ಹಗ್ಗ ಊಹಿಸಿಕೊಳ್ಳಬೇಡಿ. ಅದರ ವ್ಯಾಸ 4 ಇಂಚಿಗಿಂತ ಸ್ವಲ್ಪ ಕಡಿಮೆ. ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ವಿಕ್ಟರಿ ಹಡಗಿನ ಲಂಗರಿನ ಕೇಬಲ್ 24 ಇಂಚಿನದು ಅನ್ನುವುದೂ ಸುತ್ತಳತೆಯ ಲೆಕ್ಕವೇ. ಈಗ ಹೆಚ್ಚಿನ ಕಡೆ ವ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಆದರೆ ತೈಲ ಉದ್ಯಮದ ಕೆಲವು ಹಾಸರ್‌ಗಳಿಗೆ ಇವತ್ತೂ ಸುತ್ತಳತೆಯ ಇಂಚೇ ನಡೆಯುತ್ತದೆ.

ಹೆಸರಿನ ಇನ್ನೊಂದು ಬಳಕೆ ಹೊಸೆಯುವ ರೀತಿಗೆ ಸೇರಿದ್ದು. ನಾರನ್ನು ಬಲಕ್ಕೆ ಹೊಸೆದು ಎಳೆ ಮಾಡುತ್ತಾರೆ. ಎಳೆಗಳನ್ನು ಎಡಕ್ಕೆ ತಿರುಚಿ ಹುರಿ ಮಾಡುತ್ತಾರೆ. ಮೂರು ಹುರಿಗಳನ್ನು ಮತ್ತೆ ಬಲಕ್ಕೆ ಹೊಸೆದರೆ ಹಗ್ಗ. ಪ್ರತಿ ಹಂತದಲ್ಲೂ ದಿಕ್ಕು ತಿರುಗುಮುರುಗು, ಒಂದು ಬಿಚ್ಚಿಕೊಳ್ಳಲು ನೋಡಿದರೆ ಇನ್ನೊಂದು ಬಿಗಿಯಾಗುತ್ತದೆ. ಸಾಮಾನ್ಯವಾದ ಈ ಮೂರು ಹುರಿ ಹಗ್ಗಕ್ಕೆ ‘ಹಾಸರ್ ಲೇಯ್ಡ್’ ಅನ್ನುತ್ತಾರೆ, ಅದು ಬೆರಳು ಗಾತ್ರದ್ದಾದರೂ ಸರಿ. ಇಂಥ ಮೂರು ಹಗ್ಗಗಳನ್ನು ತೆಗೆದು ಮತ್ತೆ ಎಡಕ್ಕೆ ಹೊಸೆದರೆ ಒಂಬತ್ತು ಹುರಿಯ ‘ಕೇಬಲ್ ಲೇಯ್ಡ್’ ಹಗ್ಗ. ಅದೇ ಗಾತ್ರದ ಸಾದಾ ಹಗ್ಗಕ್ಕೆ ಹೋಲಿಸಿದರೆ ಇದರ ಬಲ ಕಡಿಮೆ. ಆದರೆ ಹಿಗ್ಗು ಜಾಸ್ತಿ, ನೀರೂ ಬೇಗ ಒಳಗೆ ಇಳಿಯುವುದಿಲ್ಲ. ಬಲ ಬಿಟ್ಟುಕೊಟ್ಟು ಹಿಗ್ಗು ಪಡೆಯುವುದು ಲಾಭದ ವ್ಯಾಪಾರ ಅಂತ ಆ ಕಾಲದ ಹಗ್ಗ ಮಾಡುವವರಿಗೇ ಗೊತ್ತಿತ್ತು, ನೋಡಿ.

ಇಂಗ್ಲೆಂಡಿನ ಚಾಟಮ್‌ನಲ್ಲಿ ಹದಿನೆಂಟನೇ ಶತಮಾನದ ಹಗ್ಗದ ಕಾರ್ಖಾನೆ ಈಗಲೂ ನಿಂತಿದೆ, ಈಗಲೂ ಅಲ್ಲಿ ಹಗ್ಗ ಹೊಸೆಯುತ್ತಾರೆ. ಕಟ್ಟಡದ ಉದ್ದ 346 ಮೀಟರ್. ಅಷ್ಟುದ್ದ ಯಾಕೆ ಅಂದರೆ ಗಂಟಿಲ್ಲದ ಒಂದೇ ತುಂಡಿನ ಹಗ್ಗ ಬೇಕಾದರೆ ಎಳೆಗಳನ್ನು ನೇರವಾಗಿ ಚಾಚಿಯೇ ತಿರುಚಬೇಕು, ತಿರುಚಿದಂತೆ ಅವು ಗಿಡ್ಡವಾಗುತ್ತಾ ಬರುತ್ತವೆ. ಹಾಗಾಗಿ ಹಗ್ಗಕ್ಕಿಂತ ಕಟ್ಟಡವೇ ಉದ್ದ ಇರಬೇಕಾಗುತ್ತದೆ.

ಎಂಜಿನ್ ಇಲ್ಲದ ಕಾಲದಲ್ಲಿ ಹಾಸರ್‌ಗೆ ಈಗಿಗಿಂತ ಕೆಲಸ ಜಾಸ್ತಿ ಇತ್ತು. ಗಾಳಿ ನಿಂತರೆ ಹಾಯಿಹಡಗು ನಿಂತಲ್ಲೇ ನಿಂತಿತು. ಆಗ ದೋಣಿಯಲ್ಲಿ ಸಣ್ಣ ಲಂಗರೊಂದನ್ನು ಮುಂದೆ ಒಯ್ದು ನೀರಿಗೆ ಬಿಟ್ಟು, ಅದಕ್ಕೆ ಕಟ್ಟಿದ ಹಾಸರನ್ನು ಹಡಗಿನ ಕ್ಯಾಪ್‌ಸ್ಟನ್‌ಗೆ ಸುತ್ತಿ ಎಳೆಯುತ್ತಿದ್ದರು. ಲಂಗರು ಅಲುಗುವುದಿಲ್ಲ, ಹಡಗೇ ಅದರತ್ತ ಹೋಗುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಇನ್ನೊಂದು ಲಂಗರು ಮುಂದೆ ಹೋಗಿರುತ್ತದೆ. 1812ರ ಜುಲೈನಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಯುದ್ಧನೌಕೆ ನ್ಯೂಜೆರ್ಸಿ ತೀರದಾಚೆ ಐದು ಬ್ರಿಟಿಷ್ ಹಡಗುಗಳಿಂದ ತಪ್ಪಿಸಿಕೊಂಡಿತು. ಎರಡು ದಿನಕ್ಕೂ ಹೆಚ್ಚು ನಡೆದ ಆ ಬೆನ್ನಟ್ಟುವಿಕೆಯಲ್ಲಿ, ಗಾಳಿ ಸತ್ತ ಹೊತ್ತಿನಲ್ಲಿ ಅದು ಮುಂದೆ ಸಾಗಿದ್ದು ಹೀಗೆ ಹಗ್ಗ ಎಳೆದೇ. ಹಡಗಿನಲ್ಲಿದ್ದ ಹಗ್ಗಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದ್ದರು. ಬ್ರಿಟಿಷರೂ ನೋಡಿ ಅದನ್ನೇ ಮಾಡಿದರು, ಆದರೆ ಮುಟ್ಟಲಾಗಲಿಲ್ಲ.

ಹೀಗೆ ಎರಡು ಹಾಸರ್ ಜೋಡಿಸಲು ಮಾಮೂಲಿ ಗಂಟು ಕೆಲಸಕ್ಕೆ ಬರುವುದಿಲ್ಲ. ದಪ್ಪ ಹಗ್ಗ ಬಗ್ಗುವುದೇ ಇಲ್ಲ. ಅದಕ್ಕಾಗಿ ಕ್ಯಾರಿಕ್ ಬೆಂಡ್ ಅನ್ನುವ ಅಗಲವಾದ, ಸಡಿಲ ತಿರುವುಗಳ ಗಂಟು ಇದೆ. ಎರಡು ತುದಿಗಳನ್ನೂ ಸಣ್ಣ ಹುರಿಯಿಂದ ಬಿಗಿದು ಕಟ್ಟಿದರೆ ಎಳೆತದಲ್ಲಿ ನಿಲ್ಲುತ್ತದೆ, ಆಮೇಲೆ ಬಿಚ್ಚಲೂ ಬರುತ್ತದೆ.

ನನಗೆ ಹಾಸರ್‌ನ ಕೆಲಸಗಳಲ್ಲಿ ಜಾಸ್ತಿ ಇಷ್ಟವಾಗುವುದು ದಡದಿಂದ ಮಾಡುತ್ತಿದ್ದ ರಕ್ಷಣೆ. ಹತ್ತೊಂಬತ್ತನೇ ಶತಮಾನದಲ್ಲಿ ದಡದ ಹತ್ತಿರ ಬಂಡೆಗೋ ಮರಳಿಗೋ ಬಡಿದು ಸಿಕ್ಕಿಕೊಂಡ ಹಡಗಿಗೆ ದೋಣಿ ಬಿಡಲಾಗದಷ್ಟು ಅಲೆ ಇದ್ದರೆ ಏನು ಮಾಡುವುದು? ಇಂಗ್ಲೆಂಡಿನಲ್ಲಿ ಮ್ಯಾನ್‌ಬಿ ಅನ್ನುವವರು 1808ರಲ್ಲಿ ಮಾರ್ಟರ್ ಫಿರಂಗಿಯಿಂದ ಗುಂಡಿಗೆ ದಾರ ಕಟ್ಟಿ ಹಡಗಿನ ಮೇಲಿಂದ ಹಾರಿಸಿ ಜನರನ್ನು ಉಳಿಸಿದರು. ಮುಂದೆ ರಾಕೆಟ್ ಬಂತು, ಅಮೆರಿಕದಲ್ಲಿ ದಾರ ಹಾರಿಸುವ ಲೈಲ್ ಗನ್ ಬಂತು. ವಿಧಾನ ಮಾತ್ರ ಒಂದೇ. ಮೊದಲು ತೆಳು ದಾರ ಹಡಗಿಗೆ ತಲುಪುತ್ತದೆ. ಹಡಗಿನವರು ಅದನ್ನು ಎಳೆದರೆ ರಾಟೆಯೊಂದಿಗೆ ನಡುಗಾತ್ರದ ಹಗ್ಗ ಬರುತ್ತದೆ. ಅದರ ಸಹಾಯದಿಂದ ಕೊನೆಗೆ ಹಾಸರ್ ಬರುತ್ತದೆ. ಹಾಸರನ್ನು ಕೂವೆಮರದ ಎತ್ತರದಲ್ಲಿ ಕಟ್ಟಬೇಕು, ರಾಟೆಗಿಂತ ಸುಮಾರು ಎರಡಡಿ ಮೇಲೆ. ಈ ಸೂಚನೆಯನ್ನು ಬರೆದ ಮರದ ಹಲಗೆಯೂ ಹಗ್ಗದ ಜೊತೆಗೇ ಹೋಗುತ್ತಿತ್ತು. ದಡದಲ್ಲಿ ಹಾಸರ್ ಬಿಗಿದ ಮೇಲೆ ಅದರ ಮೇಲೆ ಜೀವರಕ್ಷಕ ಬಳೆಗೆ ಚಡ್ಡಿ ಹೊಲಿದಂಥ ಒಂದು ಆಸನ ಓಡಾಡುತ್ತದೆ, ಒಬ್ಬೊಬ್ಬರೇ ಅದರಲ್ಲಿ ಕೂತು ಅಲೆಗಳ ಮೇಲೆ ದಡಕ್ಕೆ ಬರುತ್ತಾರೆ.

ಇವತ್ತಿನ ಧಕ್ಕೆಯಲ್ಲೂ ಇದೇ ಸರಣಿ ನಡೆಯುತ್ತದೆ. ಹಾಸರನ್ನು ಯಾರೂ ಎಸೆಯಲಾರರು. ತುದಿಗೆ ಚೆಂಡಿನಂಥ ಗಂಟಿರುವ ತೆಳು ಹೀವಿಂಗ್ ಲೈನ್ ಎಸೆಯುತ್ತಾರೆ, ಧಕ್ಕೆಯವರು ಅದನ್ನು ಹಿಡಿದು ಎಳೆದರೆ ಹಿಂದೆ ಹಾಸರ್‌ನ ಕುಣಿಕೆ ಬರುತ್ತದೆ, ಅದನ್ನು ಧಕ್ಕೆಯ ಮೇಲಿನ ಗಿಡ್ಡ ಕಂಬಕ್ಕೆ, ಅಂದರೆ ಬೊಲಾರ್ಡ್‌ಗೆ ಹಾಕುತ್ತಾರೆ. ಚೆಂಡು ದೂರ ಹೋಗಲಿ ಅಂತ ಅದರೊಳಗೆ ಕಬ್ಬಿಣದ ನಟ್ಟು, ಸೀಸ ತುಂಬುವವರಿದ್ದಾರೆ. ಕೆಳಗೆ ನಿಂತವನ ತಲೆ ಒಡೆಯುವ ಕೆಲಸ ಅದು, ದಯವಿಟ್ಟು ಮಾಡಬೇಡಿ. ಬೊಲಾರ್ಡ್ ಮೇಲೆ ಆಗಲೇ ಬೇರೆ ಹಡಗಿನ ಕುಣಿಕೆ ಇದ್ದರೆ ನಿಮ್ಮದನ್ನು ಅದರ ಮೇಲೆ ಹಾಗೇ ಹಾಕಬಾರದು. ಅದರ ಕುಣಿಕೆಯೊಳಗಿಂದ ಕೆಳಗಿನಿಂದ ಮೇಲಕ್ಕೆ ತೂರಿಸಿ ಆಮೇಲೆ ಬೊಲಾರ್ಡ್‌ಗೆ ಹಾಕಬೇಕು. ಆಗ ಯಾರು ಮೊದಲು ಹೊರಟರೂ ಇನ್ನೊಬ್ಬರದನ್ನು ಮುಟ್ಟದೆ ತಮ್ಮದನ್ನು ತೆಗೆಯಬಹುದು.

ಕಟ್ಟಿದ ಹಡಗನ್ನು ಮೇಲಿಂದ ನೋಡಿದರೆ ಹಗ್ಗಗಳು ಮೂರು ರೀತಿಯಲ್ಲಿ ಹೋಗುತ್ತವೆ. ಮೂತಿಯಿಂದ ಮುಂದಕ್ಕೆ, ಹಿಂಬದಿಯಿಂದ ಹಿಂದಕ್ಕೆ ಚಾಚಿದವು ಹೆಡ್ ಲೈನ್, ಸ್ಟರ್ನ್ ಲೈನ್. ಧಕ್ಕೆಗೆ ನೇರ ಅಡ್ಡ ಹೋಗುವವು ಬ್ರೆಸ್ಟ್ ಲೈನ್, ಹಡಗನ್ನು ಧಕ್ಕೆಯಿಂದ ದೂರ ತಳ್ಳುವ ಗಾಳಿಗೆ ಉತ್ತರ ಕೊಡುವವು ಇವೇ. ಮೂತಿಯ ಹತ್ತಿರದಿಂದ ಹಿಂದಕ್ಕೂ ಹಿಂಬದಿಯಿಂದ ಮುಂದಕ್ಕೂ ಹಡಗಿನ ಪಕ್ಕದಲ್ಲೇ ಸಾಗುವವು ಸ್ಪ್ರಿಂಗ್. ಹಡಗು ಧಕ್ಕೆಯುದ್ದಕ್ಕೂ ಹಿಂದೆ ಮುಂದೆ ಜಾರದಂತೆ ಇವು ತಡೆಯುತ್ತವೆ. ಇದರ ಮೇಲೆ ನೀರು ಏರಿಳಿಯುತ್ತಲೇ ಇರುತ್ತದೆ, ಸರಕು ಇಳಿದಂತೆ ಹಡಗು ಮೇಲೇಳುತ್ತದೆ, ಪಕ್ಕದಲ್ಲಿ ದೊಡ್ಡ ಹಡಗು ಹಾದುಹೋದರೆ ನೀರೇ ಹಡಗನ್ನು ಎಳೆಯುತ್ತದೆ. ಅಂದರೆ ಹಡಗನ್ನು ಅಲುಗದಂತೆ ಕಟ್ಟುವುದು ಆಗದ ಮಾತು. ಸ್ವಲ್ಪ ಅಲುಗಲು ಬಿಟ್ಟು, ಮತ್ತೆ ಜಾಗಕ್ಕೆ ಎಳೆದುಕೊಳ್ಳಬೇಕು. ಹಿಗ್ಗು ಬೇಕಾಗುವುದು ಇಲ್ಲಿ.

ಲೆಕ್ಕ ಹಾಕಿ ನೋಡೋಣ. 40 ಮೀಟರ್ ಉದ್ದದ ಎರಡು ಹಾಸರ್ ಅಕ್ಕಪಕ್ಕ ಒಂದೇ ದಿಕ್ಕಿಗೆ ಕಟ್ಟಿದ್ದೀರಿ, ಎರಡಕ್ಕೂ 60 ಟನ್ ಬಲ. ಒಂದು ನೈಲಾನ್, ವ್ಯಾಸ 60 ಮಿಲಿಮೀಟರ್ ಆಸುಪಾಸು. ಇನ್ನೊಂದು ಎಚ್‌ಎಂಪಿಇ ಅನ್ನುವ ಹೊಸ ಬಗೆಯ ಪಾಲಿಎಥಿಲೀನ್ ನಾರಿನದು, ವ್ಯಾಸ ಅದರ ಅರ್ಧ. ನೈಲಾನ್ ಕಡಿಯುವ ಮುಂಚೆ ಶೇ 20ಕ್ಕಿಂತ ಹೆಚ್ಚು ಹಿಗ್ಗುತ್ತದೆ. ಎಚ್‌ಎಂಪಿಇ ಶೇ 3ರಿಂದ 4ರಷ್ಟು ಹಿಗ್ಗಿದರೆ ಮುಗಿಯಿತು. ಈಗ ಹಡಗು 1 ಮೀಟರ್ ಸರಿಯಿತು ಅಂದುಕೊಳ್ಳಿ. ಎರಡೂ ಹಗ್ಗ ಶೇ 2.5 ಹಿಗ್ಗಲೇಬೇಕು. ನೈಲಾನ್ ತನ್ನ ಬಲದ ಹತ್ತನೇ ಒಂದು ಭಾಗದ ಸುತ್ತಮುತ್ತ ಇದ್ದು ಆರಾಮಾಗಿರುತ್ತದೆ. ಎಚ್‌ಎಂಪಿಇ ಕಡಿಯುವ ಅಂಚಿಗೆ ಬಂದಿರುತ್ತದೆ. ಎರಡು ಹಗ್ಗ ಇದೆ, ಒಟ್ಟು 120 ಟನ್ ತಡೆಯುತ್ತದೆ ಅಂದುಕೊಂಡವನ ಲೆಕ್ಕ ಅಲ್ಲೇ ಕೆಟ್ಟಿತು. ಕಡಿಮೆ ಹಿಗ್ಗುವ ಹಗ್ಗ ಒಂಟಿಯಾಗಿ ಹೊತ್ತು ಕಡಿಯುತ್ತದೆ, ಆಮೇಲೆ ಇಡೀ ಭಾರ ಒಮ್ಮೆಲೇ ಇನ್ನೊಂದರ ಮೇಲೆ ಬೀಳುತ್ತದೆ.

ಆದ್ದರಿಂದ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಹಗ್ಗಗಳು ಒಂದೇ ವಸ್ತುವಿನವಾಗಿರಬೇಕು, ಉದ್ದವೂ ಹತ್ತಿರಹತ್ತಿರ ಇರಬೇಕು. ಉದ್ದದ ಮಾತು ಜನ ಮರೆಯುತ್ತಾರೆ. ಅದೇ ನೈಲಾನ್, ಅದೇ ಗಾತ್ರ, ಆದರೆ ಒಂದು 20 ಮೀಟರ್, ಇನ್ನೊಂದು 60 ಮೀಟರ್ ಇದ್ದರೆ ಗಿಡ್ಡ ಹಗ್ಗದ ಮೇಲೆ ಸುಮಾರು ಮೂರು ಪಟ್ಟು ಎಳೆತ ಬೀಳುತ್ತದೆ. ಉಕ್ಕಿನ ತಂತಿ, ಎಚ್‌ಎಂಪಿಇ ಬಳಸುವ ದೊಡ್ಡ ಟ್ಯಾಂಕರ್‌ಗಳು ಇದಕ್ಕೆ ಉಪಾಯ ಮಾಡಿಕೊಂಡಿವೆ. ಹಗ್ಗದ ಕೊನೆಗೆ 11 ಮೀಟರಿನ ನೈಲಾನ್ ಅಥವಾ ಪಾಲಿಯೆಸ್ಟರ್ ಬಾಲ ಜೋಡಿಸುತ್ತಾರೆ. ಅಲೆ ಜೋರಿರುವ ತೆರೆದ ಜಾಗಗಳಲ್ಲಿ 22 ಮೀಟರ್. ಬೇಕಾದ ಹಿಗ್ಗನ್ನೆಲ್ಲ ಆ ಬಾಲ ಕೊಡುತ್ತದೆ.

ವಸ್ತುಗಳ ಗುಣ ಬೇಗ ಹೇಳಿಬಿಡುತ್ತೇನೆ. ಸೆಣಬಿನಂಥ ನಾರಿನ ಹೆಂಪ್, ಮನಿಲಾ ಹಗ್ಗ ಕೊಡುವ ಅಬಾಕಾ ಬಾಳೆಯ ನಾರು, ಇವು ಈಗ ದೊಡ್ಡ ಹಡಗುಗಳಲ್ಲಿ ಕಾಣುವುದು ಅಪರೂಪ. ತೆಂಗಿನ ನಾರಿನ ಹಗ್ಗಕ್ಕೆ ಬಲ ಕಡಿಮೆ, ಆದರೆ ಹಗುರ, ತೇಲುತ್ತದೆ, ಚೆನ್ನಾಗಿ ಹಿಗ್ಗುತ್ತದೆ. ಬ್ರಿಟಿಷ್ ನೌಕಾಪಡೆಯವರು ಇದನ್ನು ‘ಹುಲ್ಲಿನ ಹಗ್ಗ’ ಅಂತ ಕರೆದು, ಎಳೆಯಬೇಕಾದ ಹಡಗಿನತ್ತ ನೀರಿನ ಮೇಲೆ ತೇಲಿಬಿಡಲು ಇಟ್ಟುಕೊಂಡಿದ್ದರು. ಈಗ ಆ ತೇಲುವ ಕೆಲಸಕ್ಕೆ ಪಾಲಿಪ್ರೊಪಿಲೀನ್ ಇದೆ. ಅಗ್ಗ, ಆದರೆ 165 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ವಿಂಚಿನ ಡ್ರಮ್ ಮೇಲೆ ಜಾರಿಸಿದರೆ ಮೈ ಕರಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ನೈಲಾನ್ ನೀರಲ್ಲಿ ಮುಳುಗುತ್ತದೆ, ಒದ್ದೆಯಾದರೆ ಬಲ ಸ್ವಲ್ಪ ಇಳಿಯುತ್ತದೆ. ಪಾಲಿಯೆಸ್ಟರ್ ತಿಕ್ಕಾಟಕ್ಕೆ ಒಳ್ಳೆಯದು. ಎಚ್‌ಎಂಪಿಇ ಅದೇ ಗಾತ್ರದ ಉಕ್ಕಿನ ತಂತಿಗೆ ಬಲದಲ್ಲಿ ಸಮ, ತೂಕದಲ್ಲಿ ಅದರ ಏಳನೇ ಒಂದು ಭಾಗದಷ್ಟು, ತೇಲುತ್ತದೆ ಬೇರೆ. ಆದರೆ ಅದೂ 150 ಡಿಗ್ರಿಯೊಳಗೇ ಕರಗುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಹಿಗ್ಗಿದ ಹಗ್ಗದಲ್ಲಿ ಶಕ್ತಿ ತುಂಬಿಕೊಂಡಿರುತ್ತದೆ. ಮೇಲಿನ 40 ಮೀಟರಿನ ನೈಲಾನನ್ನೇ ತೆಗೆದುಕೊಳ್ಳಿ. ಕಡಿಯುವ ಹೊತ್ತಿಗೆ 60 ಟನ್ ಎಳೆತ, 8 ಮೀಟರ್ ಹಿಗ್ಗು. ಸರಳ ಲೆಕ್ಕದಲ್ಲಿ ಇದು 2.3 ಮೆಗಾಜೂಲ್‌ಗಿಂತ ಜಾಸ್ತಿ. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರಲ್ಲಿರುವ ಶಕ್ತಿ 0.39 ಮೆಗಾಜೂಲ್. ಅಂದರೆ ಆರು ಕಾರು. ನೈಲಾನ್ ಮೊದಲು ಸಲೀಸಾಗಿ, ಕೊನೆಯಲ್ಲಿ ಬಿರುಸಾಗಿ ಹಿಗ್ಗುವುದರಿಂದ ನಿಜವಾದ ಶಕ್ತಿ ಇದಕ್ಕಿಂತ ಕಡಿಮೆ ಇರುತ್ತದೆ. ಅರ್ಧ ಅಂತ ಹಿಡಿದರೂ ಮೂರು ಕಾರು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ, ಅಂಗೈ ಅಗಲದ ಹಗ್ಗದ ತುದಿಯಲ್ಲಿ. ಕಡಿದ ತುಂಡು ತನ್ನನ್ನು ಹಿಡಿದಿರುವ ಕಡೆಗೆ ಹಿಂದಕ್ಕೆ ಚಿಮ್ಮುತ್ತದೆ. ಇದನ್ನೇ ಸ್ನ್ಯಾಪ್ ಬ್ಯಾಕ್ ಅನ್ನುವುದು. ಕಾಲು ಕತ್ತರಿಸಿ ಹೋದ, ಪ್ರಾಣ ಹೋದ ಪ್ರಕರಣಗಳು ಬೇಕಾದಷ್ಟಿವೆ. ನೋಡಿ ತಪ್ಪಿಸಿಕೊಳ್ಳುತ್ತೇನೆ ಅನ್ನುವುದು ಸುಳ್ಳು ಧೈರ್ಯ. ಉಕ್ಕಿನ ತಂತಿ ಕಡಿಯುವ ಮುಂಚೆ ಕೆಲವೊಮ್ಮೆ ಕಿರುಗುಟ್ಟುತ್ತದೆ, ಒಂದೆರಡು ಎಳೆ ಮೊದಲೇ ಹರಿಯುತ್ತದೆ. ನೈಲಾನ್ ಅಷ್ಟು ಮುನ್ಸೂಚನೆಯನ್ನೂ ಕೊಡದಿರಬಹುದು.

ಹಗ್ಗ ನೇರ ಸಾಲಿನಲ್ಲೇ ಹಿಂದೆ ಬರುತ್ತದೆ, ಪಕ್ಕಕ್ಕೆ ನಿಂತರೆ ಸಾಕು ಅಂತ ಹಿಂದೆ ಕಲಿಸುತ್ತಿದ್ದರು. ಡೆಕ್ ಮೇಲೆ ಹಳದಿ ಬಣ್ಣದಲ್ಲಿ ಅಪಾಯದ ಜಾಗ ಅಂತ ಗೆರೆ ಬಳಿಯುತ್ತಿದ್ದರು. ಆದರೆ ಹಗ್ಗ ರೋಲರ್ (ಹಗ್ಗದ ದಿಕ್ಕು ತಿರುಗಿಸುವ ಉರುಳೆ) ಅಥವಾ ಕಂಬ ಸುತ್ತಿ ತಿರುಗಿದ್ದರೆ ಕಡಿದ ತುಂಡು ಬೀಸುವ ದಾರಿಯೇ ಬೇರೆ. ಗೆರೆ ಬಳಿದರೆ ಗೆರೆಯಾಚೆ ನಿಂತವನಿಗೆ ತಾನು ಸುರಕ್ಷಿತ ಅನ್ನಿಸುತ್ತದೆ. ಬ್ರಿಟನ್ನಿನ ನಾವಿಕರ ಸುರಕ್ಷತಾ ಸಂಹಿತೆ ಈಗ ಗೆರೆ ಬಳಿಯಬೇಡಿ, ಹಗ್ಗ ಕಟ್ಟುವ ಇಡೀ ಡೆಕ್ಕನ್ನೇ ಅಪಾಯದ ಜಾಗ ಅಂತ ನೋಡಿ ಅನ್ನುತ್ತದೆ. ನನ್ನ ಮಟ್ಟಿಗೆ ಇದು ತಡವಾಗಿ ಬಂದ ಒಳ್ಳೆಯ ಬುದ್ಧಿ.

ಕಡಿಮೆ ಹಿಗ್ಗುವ ಹಗ್ಗ ಬಳಸಿದರೆ ಈ ಭಯ ಇಲ್ಲ ಅನ್ನುವ ಮಾತೂ ಇತ್ತು. 2015ರ ಮಾರ್ಚ್‌ನಲ್ಲಿ ಜಾರ್ಗಾ ಅನ್ನುವ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಟ್ಯಾಂಕರ್ ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ಕಟ್ಟುತ್ತಿದ್ದಾಗ ಎಚ್‌ಎಂಪಿಇ ಹಗ್ಗ ಕಡಿದು ಹಿಂದೆ ಚಿಮ್ಮಿ ಅಧಿಕಾರಿಯೊಬ್ಬರ ತಲೆಗೆ ತೀವ್ರ ಗಾಯವಾಯಿತು. ಹಗ್ಗ ಕಡಿಮೆ ಹಿಗ್ಗುವಂಥದ್ದೇ, ಆದರೆ ಅದರ ತುದಿಗೆ ಹಿಗ್ಗುವ ಬಾಲ ಇದೆಯಲ್ಲ. ಬಾಲದಲ್ಲಿ ತುಂಬಿದ ಶಕ್ತಿ ಎಲ್ಲಿಯಾದರೂ ಬಿಡುಗಡೆ ಆಗಲೇಬೇಕು. ಮೇಲಾಗಿ ಇಂಥ ಹಗ್ಗದ ಒಳಗಿನ ನಾರು ಬಾಗಿ, ಅದುಮಿ ಸವೆದರೂ ಮೇಲಿನ ಹೊದಿಕೆ ಚೆನ್ನಾಗೇ ಕಾಣಬಹುದು. ಚಿಕ್ಕ ವ್ಯಾಸದ ರೋಲರ್ ಸುತ್ತ ಮತ್ತೆ ಮತ್ತೆ ಬಗ್ಗುವುದು ಇದಕ್ಕೆ ದೊಡ್ಡ ಶತ್ರು.

ಎಳೆಯುವ ಹಾಸರ್‌ನ ಮಾತು ಬೇರೆ ಜಾತಿಯದು. ಅಲ್ಲಿ ಹಗ್ಗದ ತೂಕವೇ ಸ್ಪ್ರಿಂಗ್. ಟಗ್ಗು (ಬೇರೆ ಹಡಗನ್ನು ಎಳೆಯುವ ಬಲವಾದ ಸಣ್ಣ ಹಡಗು) ಮತ್ತು ಹಿಂದಿನ ಹಡಗಿನ ನಡುವೆ ನೂರಾರು ಮೀಟರ್ ಉಕ್ಕಿನ ತಂತಿ ಜೋತುಬಿದ್ದು ನೀರೊಳಗೆ ಬಾಗಿರುತ್ತದೆ. ಅಲೆ ಎರಡನ್ನೂ ದೂರ ಎಳೆದಾಗ ಮೊದಲು ಆ ಬಾಗು ನೇರವಾಗಬೇಕು, ಅಷ್ಟರಲ್ಲಿ ಜಗ್ಗಾಟದ ಪೆಟ್ಟು ತಗ್ಗಿರುತ್ತದೆ. ತಂತಿ ನೀರಿನಿಂದ ಮೇಲೆ ನೇರವಾಗಿ ನಿಂತಿದೆ ಅಂದರೆ ಕ್ಯಾಪ್ಟನ್ ವೇಗ ಇಳಿಸಬೇಕು, ಇಲ್ಲವೇ ಇನ್ನಷ್ಟು ಹಗ್ಗ ಬಿಡಬೇಕು. ಹಡಗಿನ ಅಂಚಿಗೆ ಉಜ್ಜುವ ಕಡೆ ಸರಪಳಿಯ ತುಂಡು ಹಾಕುತ್ತಾರೆ.

ಎಳೆಯುವ ಹಗ್ಗ ಬೇಗ ಬಿಡಿಸಿಕೊಳ್ಳಲು ಬರಬೇಕು ಅನ್ನುವುದೂ ಅಷ್ಟೇ ಮುಖ್ಯ. ಹಗ್ಗ ಪಕ್ಕದಿಂದ ಎಳೆದರೆ ಟಗ್ಗೇ ಮಗುಚುತ್ತದೆ, ಅದಕ್ಕೇ ಅದರ ಕೊಕ್ಕೆ ಒಂದೇ ಏಟಿಗೆ ಬಿಚ್ಚಿಕೊಳ್ಳುವಂತೆ ಇರುತ್ತದೆ. 1877ರಲ್ಲಿ ಈಜಿಪ್ಟಿನಿಂದ ಲಂಡನ್ನಿಗೆ ಕ್ಲಿಯೋಪಾತ್ರಾಳ ಸೂಜಿ ಅನ್ನುವ ಕಲ್ಲಿನ ಕಂಬವನ್ನು ಕಬ್ಬಿಣದ ಕೊಳವೆಯಂಥ ತೇಲುವ ನೌಕೆಯಲ್ಲಿಟ್ಟು ಓಲ್ಗಾ ಅನ್ನುವ ಹಡಗು ಎಳೆದು ತರುತ್ತಿತ್ತು. ಬಿಸ್ಕೆ ಕೊಲ್ಲಿಯ ಬಿರುಗಾಳಿಯಲ್ಲಿ ಆ ನೌಕೆ ವಾಲಿತು. ಅದರಲ್ಲಿದ್ದವರನ್ನು ಉಳಿಸಲು ದೋಣಿಯಲ್ಲಿ ಹೋದ ಓಲ್ಗಾದ ಆರು ಜನ ಮುಳುಗಿಹೋದರು. ಕೊನೆಗೆ ನೌಕೆಯನ್ನು ಕೈಬಿಡಬೇಕಾಯಿತು. ಅಷ್ಟಾಗಿಯೂ ಅದು ಮುಳುಗದೆ ತೇಲುತ್ತಿದ್ದು ಇನ್ನೊಂದು ಹಡಗಿಗೆ ಸಿಕ್ಕಿತು. 1978ರ ಮಾರ್ಚ್‌ನಲ್ಲಿ ಅಮೋಕೋ ಕಾಡಿಜ್ ಅನ್ನುವ ಟ್ಯಾಂಕರ್ ಚುಕ್ಕಾಣಿ ಕೆಟ್ಟು ಫ್ರಾನ್ಸಿನ ಬ್ರಿಟನಿ ತೀರದತ್ತ ತೇಲಿದಾಗ ಟಗ್ಗಿನ ಎಳೆತದ ಸಂಪರ್ಕ ಕಡಿಯಿತು. ಆ ರಾತ್ರಿ ಹಡಗು ಬಂಡೆಗೆ ಬಡಿದು 2 ಲಕ್ಷ ಟನ್ನಿಗೂ ಹೆಚ್ಚು ಕಚ್ಚಾತೈಲ ಸಮುದ್ರಕ್ಕೆ ಹರಿಯಿತು. ಈಗ 20,000 ಟನ್ ಮತ್ತು ಹೆಚ್ಚಿನ ಸಾಮರ್ಥ್ಯದ ಟ್ಯಾಂಕರ್‌ಗಳು ತುರ್ತು ಎಳೆತದ ಸಜ್ಜನ್ನು ಹಡಗಿನ ಎರಡೂ ತುದಿಯಲ್ಲಿ ಇಟ್ಟುಕೊಂಡಿರಲೇಬೇಕು.

ಅಂದಹಾಗೆ ಹಾಸರ್ ಅನ್ನುವ ಮಾತು ಇವತ್ತು ಬಂದರಿನಲ್ಲಿ ಕೇಳುವುದು ಕಡಿಮೆ. ಅಲ್ಲಿ ಮೂರಿಂಗ್ ಲೈನ್, ಟೋ ಲೈನ್ ಅನ್ನುತ್ತಾರೆ. ಅದು ಗಟ್ಟಿಯಾಗಿ ಉಳಿದಿರುವುದು ಸಮುದ್ರದ ನಡುವೆ ಟ್ಯಾಂಕರ್‌ಗಳು ಒಂದೇ ಬೋಯಿಗೆ, ಅಂದರೆ ಲಂಗರು ಹಾಕಿದ ತೇಲುಬುರುಡೆಗೆ, ಕಟ್ಟಿಕೊಂಡು ತೈಲ ತುಂಬುವ ಕಡೆ. ಬೋಯಿಯಿಂದ ಹಡಗಿನ ಮೂತಿಗೆ ಬರುವ ಆ ದೊಡ್ಡ ನೈಲಾನ್ ಹಗ್ಗಕ್ಕೆ ಹಾಸರ್ ಅಂತಲೇ ಹೆಸರು. ಅದರ ತುದಿಗೆ 76 ಮಿಲಿಮೀಟರಿನ ಸರಪಳಿ ಇರುತ್ತದೆ, ಹಡಗಿನ ಹಿಡಿಕೆಗೆ ಸಿಗಿಸುವುದು ಅದನ್ನೇ.

ಇನ್ನು, ದಪ್ಪದ ಹಗ್ಗ ಹಾಕಿದರೆ ಆಗಲ್ವಾ? ಆಗಲ್ಲ. ಹಗ್ಗ ಒಂದು ಸರಪಣಿಯ ನಡುವಿನ ಕೊಂಡಿ. ಆ ಕಡೆ ಧಕ್ಕೆಯ ಬೊಲಾರ್ಡ್, ಈ ಕಡೆ ಹಡಗಿನ ರೋಲರ್, ವಿಂಚು, ಅವುಗಳ ಕೆಳಗಿನ ಡೆಕ್ಕಿನ ಉಕ್ಕು. ಹಗ್ಗವನ್ನು ಇವೆಲ್ಲಕ್ಕಿಂತ ಬಲ ಮಾಡಿದರೆ ಕಿತ್ತು ಹಾರುವುದು ಟನ್ ತೂಕದ ಕಬ್ಬಿಣ. ಅದಕ್ಕೇ ಮುರಿಯುವ ಕ್ರಮವನ್ನೇ ಮೊದಲು ತೀರ್ಮಾನ ಮಾಡಿಟ್ಟಿರುತ್ತಾರೆ. ತೈಲ ಕಂಪನಿಗಳ ಸಾಗರ ವೇದಿಕೆ ಓಸಿಐಎಂಎಫ್ 2018ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಹಡಗಿನ ವಿನ್ಯಾಸದಲ್ಲಿ ಹಗ್ಗಕ್ಕೆ ಗೊತ್ತು ಮಾಡಿದ ಬಲದ ಶೇ 60 ಎಳೆತ ಬಂದರೆ ವಿಂಚಿನ ಬ್ರೇಕ್ ಜಾರಬೇಕು. ಹಗ್ಗ ಆಗ ಕಡಿಯುವ ಬದಲು ಬಿಚ್ಚಿಕೊಳ್ಳುತ್ತದೆ. ಹೊಸ ಹಗ್ಗದ ಬಲ ಗೊತ್ತು ಮಾಡಿದ್ದರ ಶೇ 100ರಿಂದ 105ರೊಳಗೆ ಇರಬೇಕು, ಅದಕ್ಕಿಂತ ಜಾಸ್ತಿ ಬೇಡ. ಬಲ ಶೇ 75ಕ್ಕೆ ಇಳಿಯುವ ಮುಂಚೆ ಹಗ್ಗ ತೆಗೆದುಹಾಕಬೇಕು. ‘ಜಾಸ್ತಿ ಬೇಡ’ ಅನ್ನುವ ಮಾತನ್ನು ಹಗ್ಗ ಖರೀದಿಸುವವರು ಈಗಲೂ ಅರಗಿಸಿಕೊಂಡಿಲ್ಲ.

ಶೇ 75 ಆಯಿತೋ ಇಲ್ಲವೋ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ, ಆದರೆ ಕುರುಹುಗಳಿವೆ. ಹುರಿಗಳನ್ನು ಸ್ವಲ್ಪ ಬಿಡಿಸಿ ಒಳಗೆ ನೋಡಿ. ಪುಡಿ ಉದುರಿದರೆ ನಾರು ಒಂದಕ್ಕೊಂದು ಉಜ್ಜಿ ಸವೆಯುತ್ತಿದೆ. ಮೈ ಹೊಳಪಾಗಿ ಗಟ್ಟಿಯಾಗಿದ್ದರೆ ಎಲ್ಲೋ ಕರಗಿದೆ. ಒಂದು ಕಡೆ ತೆಳುವಾಗಿದ್ದರೆ ಮಿತಿಮೀರಿದ ಎಳೆತ ಬಿದ್ದಿದೆ. ಕುಣಿಕೆಯ ಮೂಗಿನ ಹತ್ತಿರ, ರೋಲರ್ ಮೇಲೆ ಯಾವಾಗಲೂ ಕೂರುವ ಜಾಗದಲ್ಲಿ ಮೊದಲು ನೋಡಬೇಕು. ಆಗಾಗ ಹಗ್ಗವನ್ನು ತಿರುವಿ ಹಿಂದಿನ ತುದಿ ಮುಂದೆ ತಂದರೆ ಸವೆತ ಹಂಚಿಹೋಗುತ್ತದೆ. 2024ರ ಜನವರಿ 1ರಿಂದ ಈ ಪರೀಕ್ಷೆ, ದಾಖಲೆ, ಹಳತನ್ನು ತೆಗೆಯುವುದು, ಯಾವುದೂ ಹಡಗಿನವರ ಇಷ್ಟಕ್ಕೆ ಬಿಟ್ಟಿದ್ದಲ್ಲ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ತಿದ್ದುಪಡಿಯ ಪ್ರಕಾರ ಹಳೇ ಹಡಗುಗಳೂ ಇದನ್ನು ಮಾಡಿ ತೋರಿಸಬೇಕು. ಪ್ರತಿ ಹಗ್ಗಕ್ಕೂ ಅದರದೇ ಪ್ರಮಾಣಪತ್ರ, ಅದರದೇ ದಾಖಲೆ ಇರಬೇಕು. ಡೆಕ್ ಮೇಲೆ ಯಾವ ಹಗ್ಗ ಯಾವುದು ಅಂತ ಗುರುತೇ ಇಲ್ಲದ ಹಡಗಿನಲ್ಲಿ ಫೈಲು ಎಷ್ಟು ಅಂದವಾಗಿದ್ದರೂ ಪ್ರಯೋಜನ ಇಲ್ಲ.